ದಾಸವಾಳದ ಬುಡದ ಅರ್ತಿಂಗ್ ಗುಂಡಿ

ಎಲೆಕ್ಟ್ರಿಕ್ ಕಾರು ಮನೆಗೆ ಬಂದ ಸಂಜೆ ಪೂಜೆಯೆಲ್ಲ ಸುಸೂತ್ರವಾಗಿ ಮುಗಿಯಿತು. ಚಕ್ರದಡಿ ಇಟ್ಟ ನಾಲ್ಕು ನಿಂಬೆಹಣ್ಣೂ ಅಪ್ಪಚ್ಚಿಯಾದವು. ರಾತ್ರಿ ಊಟ ಮಾಡಿ ಬಂದು ಚಾರ್ಜರ್ ಸಿಕ್ಕಿಸಿದರೆ ಹಸಿರು ದೀಪ ಬರಬೇಕಾದಲ್ಲಿ ಕೆಂಪು ದೀಪ ಮಿಣುಕತೊಡಗಿತು. ತೆಗೆದು ಮತ್ತೆ ಹಾಕಿದೆ, ಮತ್ತೆ ಕೆಂಪು. ಷೋರೂಮಿನವರಿಗೆ ಫೋನು ಮಾಡಿದೆ. "ಕಾರಲ್ಲೇನೂ ತೊಂದ್ರೆ ಇಲ್ಲ ಸಾರ್, ನಿಮ್ಮ ಮನೆ ವೈರಿಂಗ್ ತೋರಿಸಿ" ಎಂದರು.

ಮರುದಿನ ಬಂದ ಎಲೆಕ್ಟ್ರಿಷಿಯನ್ ಹೊಸ ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ಹೋಲ್ಡರಿಗೆ ಸಿಕ್ಕಿಸಿದ ಬಲ್ಬಿನ ಒಂದು ವೈರನ್ನು ಫೇಸಿಗೆ, ಇನ್ನೊಂದನ್ನು ಅರ್ತಿಗೆ ಮುಟ್ಟಿಸಿದ. ಬಲ್ಬು ಮಂಕಾಗಿ, ಕಾಯಿಲೆಯವರ ಕಣ್ಣಿನಂತೆ ಉರಿಯಿತು. "ಅರ್ತಿಂಗ್ ಸತ್ತೋಗಿದೆ ಸಾರ್. ಗುಂಡಿ ಎಲ್ಲಿದೆ?" ಇಪ್ಪತ್ತೆರಡು ವರ್ಷದಿಂದ ಆ ಮನೆಯಲ್ಲಿದ್ದೇನೆ, ಗುಂಡಿ ಎಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಹುಡುಕಿ ಹುಡುಕಿ ಕೊನೆಗೆ ದಾಸವಾಳದ ಗಿಡದ ಬುಡದಲ್ಲಿ ಸಿಮೆಂಟಿನ ಮುಚ್ಚಳ ಸಿಕ್ಕಿತು. ಹತ್ತು ಕೆ.ಜಿ. ಕಲ್ಲುಪ್ಪು, ಒಂದು ಚೀಲ ಇದ್ದಿಲು, ನಾಲ್ಕು ಕೊಡ ನೀರು. ಒಳಗೆ ಹೋಗಿ ಚಾರ್ಜರ್ ಸಿಕ್ಕಿಸಿದರೆ, ಹಸಿರು.

ಫ್ರಿಜ್ಜು, ಗ್ರೈಂಡರು, ವಾಷಿಂಗ್ ಮೆಷಿನ್ನುಗಳು ಇಷ್ಟು ವರ್ಷ ಅರ್ತ್ ಇದೆಯೇ ಎಂದು ಕೇಳಿದ್ದಿಲ್ಲ. ಕಾರು ಕೇಳುತ್ತದೆ. ಒಳಗೆ ಎಲ್ಲಾದರೂ ಕರೆಂಟು ಸೋರಿ ಮೈಗೆ ಬಂದರೆ ಅದು ನೆಲಕ್ಕಿಳಿಯಲು ದಾರಿ ಬೇಕು. ಕಾರು ನಿಂತಿರುವುದು ರಬ್ಬರಿನ ಮೇಲೆ. ಬಾಗಿಲಿಗೆ ಕೈ ಹಾಕಿದವರ ಮೈಯೇ ಆ ದಾರಿಯಾಗಬಾರದಲ್ಲ. ಇನ್ನೊಂದು ವಿಷಯ, ಗೀಸರು ಹೆಚ್ಚೆಂದರೆ ಅರ್ಧ ಗಂಟೆ ಉರಿದು ಆರುತ್ತದೆ. ಕಾರು ಅಷ್ಟೇ ಕರೆಂಟನ್ನು ಎಂಟು ಹತ್ತು ಗಂಟೆ ಒಂದೇ ಸಮನೆ ಎಳೆಯುತ್ತದೆ. ಹಳೆಯ 15 ಆಂಪಿಯರ್ ಸಾಕೆಟ್ಟಿನ ಸಡಿಲ ಸ್ಕ್ರೂ ಗೀಸರಿಗೆ ಹೇಗೋ ನಡೆದುಹೋಗಿರುತ್ತದೆ, ಕಾರಿಗಾದರೆ ಸಾಕೆಟ್ಟೇ ಕರಗಿಹೋಗುತ್ತದೆ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ದಪ್ಪ ವೈರು ಎಳೆಸಬೇಕು, ಸ್ಯಾಂಕ್ಷನ್ ಲೋಡ್ ಸಾಕೇ ಎಂದು ನೋಡಬೇಕು.

ಎಲೆಕ್ಟ್ರಿಕ್ ಕಾರು ಒಳ್ಳೆಯದೋ ಕೆಟ್ಟದ್ದೋ ಎಂದು ಈಗ ಯಾರಾದರೂ ಕೇಳಿದರೆ, ಅದು ರಾತ್ರಿ ಎಲ್ಲಿ ಮಲಗುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ.

ಇನ್ನು ಕಾರಿನೊಳಗೆ ಇಣುಕೋಣ. ಸಾಧಾರಣ ಕಾರೊಂದರ ಬ್ಯಾಟರಿಯಲ್ಲಿ 30 ಯೂನಿಟ್ ಹಿಡಿಯುತ್ತದೆ ಎನ್ನಿ. ಯೂನಿಟ್ ಎಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್ಟು. ಒಂದು ಲೀಟರ್ ಪೆಟ್ರೋಲಿನಲ್ಲಿ ಅಡಗಿರುವ ಶಕ್ತಿ ಸುಮಾರು 9 ಯೂನಿಟ್. ಅಂದರೆ ಇನ್ನೂರು ಕೆ.ಜಿ.ಗೂ ಮೀರಿ ತೂಗುವ ಈ ದೈತ್ಯ ಪೆಟ್ಟಿಗೆಯಲ್ಲಿ ಇರುವುದು ಮೂರೂವರೆ ಲೀಟರಿಗಿಂತ ಕಡಿಮೆ ಪೆಟ್ರೋಲಿನ ಕಸುವು! ಮೂರ್ನಾಲ್ಕು ನೀರಿನ ಬಾಟಲಿಯಷ್ಟು ಪೆಟ್ರೋಲಿಗಾಗಿ ಎರಡು ಅಕ್ಕಿಮೂಟೆ ಹೊತ್ತು ತಿರುಗಿದಂತೆ. ಆದರೂ ಕಾರು ಇನ್ನೂರು ಕಿಲೋಮೀಟರ್ ಓಡುತ್ತದೆ. ಪೆಟ್ರೋಲ್ ಎಂಜಿನ್ ತಾನು ಕುಡಿದದ್ದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ರೇಡಿಯೇಟರಿಗೂ ಸೈಲೆನ್ಸರಿಗೂ ಸುರಿಯುತ್ತದೆ. ಮೋಟರು ಹಾಗಲ್ಲ, ನೂರಕ್ಕೆ ಎಂಬತ್ತೈದು ತೊಂಬತ್ತು ಪಾಲನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಸುತ್ತ ತಾಮ್ರದ ಸುರುಳಿ, ನಡುವೆ ಅಯಸ್ಕಾಂತ ಹೊತ್ತ ಉರುಳೆ, ತಿರುಗುವುದು ಅದೊಂದೇ. ಪಿಸ್ಟನ್ನಿಲ್ಲ, ವಾಲ್ವಿಲ್ಲ, ಕ್ಲಚ್ ಪ್ಲೇಟಿಲ್ಲ. ನಿಂತ ಜಾಗದಿಂದಲೇ ಪೂರ್ಣ ಎಳೆತ ಸಿಗುವುದರಿಂದ ಬೆಂಗಳೂರಿನ ಫ್ಲೈಓವರ್ ಏರಿನಲ್ಲಿ ಹಾಫ್ ಕ್ಲಚ್ಚಿನ ಸರ್ಕಸ್ಸೂ ಇಲ್ಲ. ಸರ್ವೀಸಿಗೆ ಬಿಟ್ಟರೆ ಎಂಜಿನ್ ಆಯಿಲ್ ಬದಲಾಯಿಸುವ ಪ್ರಶ್ನೆ ಏಳುವುದಿಲ್ಲ. ಟೈರು ಮಾತ್ರ ಬೇಗ ಸವೆಯುತ್ತದೆ. ತೂಕವೂ ಜಾಸ್ತಿ, ಎಳೆತವೂ ಜಾಸ್ತಿ.

ಮೈಲೇಜಿನ ವಿಷಯದಲ್ಲಿ ಇಷ್ಟು ದಿನ ಕಲಿತದ್ದನ್ನು ತಲೆಕೆಳಗು ಮಾಡಿಕೊಳ್ಳಬೇಕು. ಪೆಟ್ರೋಲ್ ಕಾರು ಊರೊಳಗೆ ಹೆಚ್ಚು ಕುಡಿಯುತ್ತದೆ, ಹೈವೇಯಲ್ಲಿ ಕಡಿಮೆ. ಇದು ಉಲ್ಟಾ. ಸಿಗ್ನಲ್ಲಿನಲ್ಲಿ ನಿಂತಾಗ ಎಸಿ ತಿನ್ನುವ ಕರೆಂಟು ಬಿಟ್ಟರೆ ಇದಕ್ಕೆ ಖರ್ಚೇ ಇಲ್ಲ. ಹೈವೇಯಲ್ಲಿ ಮಾತ್ರ ಗಾಳಿ ಶತ್ರು. ವೇಗ 80ರಿಂದ 110ಕ್ಕೆ ಏರಿದರೆ ಗಾಳಿಯ ತಡೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಂಪನಿಯ ಕಾಗದದಲ್ಲಿ 300 ಎಂದಿದ್ದರೆ ರಸ್ತೆಯಲ್ಲಿ 200ರಿಂದ 220 ಎಂದು ತಿಳಿದುಕೊಂಡೇ ಹೊರಡುವುದು ಕ್ಷೇಮ.

ಶಿವಮೊಗ್ಗದವನಾದ ನನಗೆ ಉಡುಪಿಗೆ ಹೋಗುವ ದಾರಿ ಆಗುಂಬೆ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವುಗಳು, ಸುಮಾರು 500 ಮೀಟರ್ ಇಳಿತ. ಹಿಂದಿನ ಕಾರಿನಲ್ಲಿ ಕೆಳಗೆ ಮುಟ್ಟುವ ಹೊತ್ತಿಗೆ ಬ್ರೇಕಿನ ಸುಟ್ಟ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಈಗ ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಸಾಕು, ಮೋಟರೇ ಡೈನಮೊ ಆಗಿ ಚಕ್ರವನ್ನು ಹಿಡಿದು ಬ್ಯಾಟರಿಗೆ ಕರೆಂಟು ತುಂಬತೊಡಗುತ್ತದೆ. ನಾಲ್ಕು ಜನ ಕೂತ ಕಾರು 1,700 ಕೆ.ಜಿ. ಎಂದು ಹಿಡಿದು ಲೆಕ್ಕ ಹಾಕಿದೆ. ಅಷ್ಟು ಭಾರ 500 ಮೀಟರ್ ಇಳಿದಾಗ ಬಿಡುಗಡೆಯಾಗುವುದು 2.3 ಯೂನಿಟ್. ಟೈರಿನ ಉಜ್ಜಾಟ, ಪರಿವರ್ತನೆಯ ನಷ್ಟ ಕಳೆದು ಕೈಗೆ ಬರುವುದು ಒಂದೂಕಾಲು ಯೂನಿಟ್, ಅಂದರೆ ಎಂಟು ಕಿಲೋಮೀಟರಿನ ಓಟ. ಹತ್ತುವಾಗ ಇದರ ಎರಡರಷ್ಟಕ್ಕಿಂತ ಹೆಚ್ಚನ್ನೇ ತೆತ್ತಿರುತ್ತೇವೆ, ಅದು ಬೇರೆ. ಒಂದು ತಮಾಷೆ ಇದೆ: ಆಗುಂಬೆಯಲ್ಲೇ ಮನೆಯಿದ್ದು ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಲು ಹೊರಟವರಿಗೆ ಈ ಸೌಕರ್ಯ ಇಲ್ಲ. ತುಂಬಿದ ಕೊಡಕ್ಕೆ ಎಲ್ಲಿಂದ ಸುರಿಯುವುದು? ಅವರು ಬ್ರೇಕನ್ನೇ ಒತ್ತಬೇಕು.

ಬ್ಯಾಟರಿಗಳಲ್ಲಿ ಎರಡು ಮನೆತನ. ಒಂದು ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿದ್ದು. ಹಗುರ, ಆದರೆ ದುಬಾರಿ, ಸ್ವಲ್ಪ ಮುಂಗೋಪಿ. ಇನ್ನೊಂದು ಕಬ್ಬಿಣ ಮತ್ತು ಫಾಸ್ಫೇಟಿನದು. ಭಾರ, ಆದರೆ ತಾಳ್ಮೆಯದ್ದು, ಬೇಗ ಬೆಂಕಿ ಹಿಡಿಯುವುದಿಲ್ಲ, ಹೆಚ್ಚು ಸಲ ಚಾರ್ಜಾಗುತ್ತದೆ. ಈ ಎರಡನೆಯದನ್ನು ಜಗತ್ತಿಗೆ ಪರಿಚಯಿಸಿದ 1997ರ ಸಂಶೋಧನಾ ಪ್ರಬಂಧದ ಲೇಖಕರು ಮೂವರು: ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್ ಅವರಿಗೆ 2019ರಲ್ಲಿ ಲಿಥಿಯಂ ಬ್ಯಾಟರಿಗಾಗಿ ನೊಬೆಲ್ ಹಂಚಿಕೆಯಾಯಿತು. ನಡುವಿನ ಹೆಸರು ಓದಿದಾಗ ಮಾತ್ರ ನಂಜನಗೂಡಿನ ತೇರು ಕಣ್ಣೆದುರು ಬಂದಂತಾಗುತ್ತದೆ.

ಈ ಕಬ್ಬಿಣದ ಬ್ಯಾಟರಿಗೊಂದು ವಿಚಿತ್ರ ಗುಣವಿದೆ. ಅಡುಗೆಮನೆಯ ಗ್ಯಾಸ್ ಸಿಲಿಂಡರನ್ನು ನೆನೆಸಿಕೊಳ್ಳಿ. ತುಂಬಿರಲಿ, ಕಾಲು ಭಾಗ ಉಳಿದಿರಲಿ, ಉರಿ ಒಂದೇ ಥರ. ಒಳಗೆ ದ್ರವ ಉಳಿದಿರುವಷ್ಟು ಹೊತ್ತೂ ಒತ್ತಡ ಇಳಿಯುವುದಿಲ್ಲ. ಆಮೇಲೆ ಒಂದು ದಿನ ಒಗ್ಗರಣೆಯ ನಡುವೆ ಫಕ್ಕನೆ ಆರುತ್ತದೆ. ಅದಕ್ಕೇ ಮನೆಯವರು ಸಿಲಿಂಡರನ್ನು ಅಲ್ಲಾಡಿಸಿ ನೋಡುವುದು. ಈ ಬ್ಯಾಟರಿಯ ವೋಲ್ಟೇಜೂ ಹಾಗೆಯೇ, ಹೆಚ್ಚುಕಡಿಮೆ ತುಂಬಿದಲ್ಲಿಂದ ಹೆಚ್ಚುಕಡಿಮೆ ಬರಿದಾಗುವ ತನಕ ಒಂದೇ ಮಟ್ಟ. ವೋಲ್ಟೇಜು ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದ್ದರಿಂದ ಕಾರಿನ ಕಂಪ್ಯೂಟರು ಎಷ್ಟು ಕರೆಂಟು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಅಂಗಡಿಯ ಉದ್ರಿ ಪುಸ್ತಕದ ಹಾಗೆ ಬರೆದಿಟ್ಟುಕೊಳ್ಳುತ್ತದೆ. ಲೆಕ್ಕದಲ್ಲಿ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುವುದರಿಂದ ಆಗಾಗ ಪೂರ್ತಿ ಚಾರ್ಜ್ ಮಾಡಿ ಪುಸ್ತಕ ಸರಿಪಡಿಸಬೇಕು. ನಿಕಲ್ ಮನೆತನದ್ದಾದರೆ ದಿನನಿತ್ಯ 80ಕ್ಕೇ ನಿಲ್ಲಿಸುವುದು ಒಳಿತು. ನಿಮ್ಮದು ಯಾವುದೆಂದು ಕೊಳ್ಳುವಾಗಲೇ ಕೇಳಿ. ಮಾರುವ ಹುಡುಗರಿಗೆ ಸನ್‌ರೂಫಿನ ಬಗ್ಗೆ ಗೊತ್ತಿರುವಷ್ಟು ಇದು ಗೊತ್ತಿರುವುದಿಲ್ಲ.

ಕಳೆದ ವರ್ಷ ಮದುವೆಗೆಂದು ಹನ್ನೆರಡು ದಿನ ಊರಲ್ಲಿರಲಿಲ್ಲ. ಬಂದು ನೋಡಿದರೆ ಕಾರು ಸತ್ತಿದೆ. ಬಿಡುವಾಗ 82 ಪರ್ಸೆಂಟ್ ಇತ್ತು. ಬಾಗಿಲೂ ತೆರೆಯಲಿಲ್ಲ, ರಿಮೋಟಿನೊಳಗೆ ಅಡಗಿಸಿಟ್ಟ ಸಣ್ಣ ಕೀಲಿಯಿಂದ ತೆಗೆದೆ. ದೊಡ್ಡ ಬ್ಯಾಟರಿ ಗಟ್ಟಿಮುಟ್ಟಾಗಿಯೇ ಇತ್ತು, ಹೋದದ್ದು ಬಾನೆಟ್ಟಿನ ಕೆಳಗಿನ 12 ವೋಲ್ಟಿನ ಮಾಮೂಲಿ ಬ್ಯಾಟರಿ. ದೊಡ್ಡ ಬ್ಯಾಟರಿಯನ್ನು ಕಾರಿಗೆ ಜೋಡಿಸುವ ಸ್ವಿಚ್ಚು ಎಳೆಯಲು ಆ ಪುಟ್ಟ ಬ್ಯಾಟರಿಯ ಬಲವೇ ಬೇಕು. ಉಗ್ರಾಣದ ತುಂಬಾ ಅಕ್ಕಿ ಇದ್ದೂ ಬೀಗದ ಕೈ ಕಳೆದುಹೋದ ಸ್ಥಿತಿ. ಪಕ್ಕದ ಮನೆಯವರು ತಮ್ಮ ಹದಿನೈದು ವರ್ಷದ ಪೆಟ್ರೋಲ್ ಕಾರು ತಂದು ನಿಲ್ಲಿಸಿ ಜಂಪ್ ವೈರ್ ಹಾಕಿದರು. ನನ್ನದು ಎದ್ದಿತು. ಅವರೇನೂ ಅನ್ನಲಿಲ್ಲ, ಆದರೆ ನಕ್ಕರು.

ದೂರದ ಪ್ರಯಾಣಕ್ಕೆ ತಾಳ್ಮೆ ಬೇಕು. ಬೆಂಗಳೂರು ಇಲ್ಲಿಂದ 300 ಕಿಲೋಮೀಟರ್. ನಡುವೆ ಒಮ್ಮೆ ನಿಲ್ಲಲೇಬೇಕು. ಮೊನ್ನೆ ದಾರಿಯ ಚಾರ್ಜಿಂಗ್ ಸ್ಟೇಷನ್ನೊಂದರಲ್ಲಿ ಎರಡು ಗನ್ನುಗಳಿದ್ದವು. ಒಂದು ಕೆಟ್ಟಿತ್ತು, ಇನ್ನೊಂದಕ್ಕೆ ಟ್ಯಾಕ್ಸಿಯೊಂದು ಅಂಟಿಕೊಂಡಿತ್ತು. ಚಾಲಕ 80 ದಾಟಿದ ಮೇಲೂ ತೆಗೆಯಲಿಲ್ಲ. ಕೊನೆಯ ಇಪ್ಪತ್ತು ಪರ್ಸೆಂಟ್ ಏಕೆ ತೆವಳುತ್ತದೆ ಎಂಬುದಕ್ಕೆ ಕಾರಣವಿದೆ. ಚಾರ್ಜಾಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ, ಆರು ಇಂಗಾಲದ ಪರಮಾಣುಗಳಿಗೆ ಒಂದರಂತೆ. ಖಾಲಿ ಕೆಂಪು ಬಸ್ಸಿಗೆ ಜನ ಸರಸರ ಹತ್ತುತ್ತಾರೆ. ಸೀಟು ತುಂಬಿದ ಮೇಲೆ ಒಬ್ಬೊಬ್ಬರೇ ನುಸುಳಿ ಜಾಗ ಹುಡುಕಬೇಕು. ಆಗಲೂ ಹಿಂದಿನಿಂದ ನೂಕಿದರೆ ಅಯಾನುಗಳು ಒಳಗೆ ಹೋಗಲಾರದೆ ಬಾಗಿಲಲ್ಲೇ ಲೋಹವಾಗಿ ಅಂಟಿಕೊಳ್ಳುತ್ತವೆ. ಅದು ಬ್ಯಾಟರಿಗೆ ಶಾಶ್ವತ ಗಾಯ. ಅದಕ್ಕೇ ಕಂಪ್ಯೂಟರು ತಾನೇ ವೇಗ ಇಳಿಸುತ್ತದೆ.

ದುಡ್ಡಿನ ಮಾತು. ಪೆಟ್ರೋಲು ಲೀಟರಿಗೆ ನೂರು ರೂಪಾಯಿ, ಮೈಲೇಜು 15 ಎಂದು ಹಿಡಿದರೆ ಕಿಲೋಮೀಟರಿಗೆ ಸುಮಾರು ಆರೂಮುಕ್ಕಾಲು ರೂಪಾಯಿ. ಮನೆಯ ಕರೆಂಟು ಯೂನಿಟ್ಟಿಗೆ ಆರು ರೂಪಾಯಿ ಎಂದರೆ ಒಂದೇ ರೂಪಾಯಿ. ಹೈವೇಯ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ಟಿಗೆ ಇಪ್ಪತ್ತರ ಮೇಲೆ ತೆತ್ತರೆ ಉಳಿತಾಯದ ಅರ್ಧ ಅಲ್ಲೇ ಕರಗಿತು. ಕೊಳ್ಳುವಾಗ ಮೂರು ನಾಲ್ಕು ಲಕ್ಷ ಹೆಚ್ಚು ಕೊಟ್ಟಿದ್ದರೆ, ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸುವವರಿಗೆ ಐದಾರು ವರ್ಷದಲ್ಲಿ ಅದು ವಾಪಸ್. ಭಾನುವಾರ ದೇವಸ್ಥಾನಕ್ಕೆ ಮಾತ್ರ ತೆಗೆಯುವವರಿಗೆ ಈ ಜನ್ಮದಲ್ಲಿ ಇಲ್ಲ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ 5, ಸಣ್ಣ ಪೆಟ್ರೋಲ್ ಕಾರಿಗೆ ಅದು 2025ರ ಸೆಪ್ಟೆಂಬರಿನಲ್ಲಿ ಶೇ 18ಕ್ಕೆ ಇಳಿದು ಅಂತರ ಕಿರಿದಾಯಿತು. ನಮ್ಮ ರಾಜ್ಯದಲ್ಲಿ ಇದ್ದ ರಸ್ತೆ ತೆರಿಗೆಯ ವಿನಾಯಿತಿಯನ್ನು 2024ರಲ್ಲಿ 25 ಲಕ್ಷ ದಾಟಿದ ಕಾರುಗಳಿಗೆ ತೆಗೆದು ಶೇ 10 ಹಾಕಿದರು. ರಿಯಾಯಿತಿ ಎನ್ನುವುದು ಸರ್ಕಾರದ ಮರ್ಜಿ. ಬುಕ್ ಮಾಡುವ ವಾರ ಒಮ್ಮೆ ವಿಚಾರಿಸಿಕೊಳ್ಳಿ. ಬ್ಯಾಟರಿಗೆ ಸಾಮಾನ್ಯವಾಗಿ ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರಿನ ವಾರಂಟಿ ಇರುತ್ತದೆ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮಾತ್ರ ದಲ್ಲಾಳಿ ಮೂಗು ಮುರಿಯುತ್ತಾನೆ. ಎಂಜಿನ್ ಸದ್ದು ಕೇಳಿ ಆಯುಸ್ಸು ಹೇಳುವ ಅವನ ವಿದ್ಯೆ ಇಲ್ಲಿ ನಡೆಯುವುದಿಲ್ಲ.

ಹೊಗೆಯಿಲ್ಲ ಎಂಬ ಹೆಮ್ಮೆಗೂ ಒಂದು ಅಡಿಟಿಪ್ಪಣಿ ಬೇಕು. ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನದು. ಸರಾಸರಿ ಒಂದು ಯೂನಿಟ್ಟಿಗೆ 700 ಗ್ರಾಂ ಇಂಗಾಲದ ಡೈಆಕ್ಸೈಡ್. ಆ ಲೆಕ್ಕದಲ್ಲಿ ನನ್ನ ಕಾರು ಕಿಲೋಮೀಟರಿಗೆ ಸುಮಾರು 120 ಗ್ರಾಂ ಬಿಟ್ಟಂತೆ, ಪೆಟ್ರೋಲ್ ಕಾರು 150. ಜೊತೆಗೆ ಬ್ಯಾಟರಿ ತಯಾರಿಸುವಾಗಲೇ ಎರಡು ಮೂರು ಟನ್ ಹೊರಬಿದ್ದಿರುತ್ತದೆ, ಅದನ್ನು ತೀರಿಸಲು ಹತ್ತಾರು ಸಾವಿರ ಕಿಲೋಮೀಟರ್ ಓಡಬೇಕು. ಕರ್ನಾಟಕದ ಸ್ಥಿತಿ ವಾಸಿ. ಶರಾವತಿಯ 1,035 ಮೆಗಾವಾಟಿದೆ, ಪಾವಗಡದ ಬಿಸಿಲಿನ 2,050 ಇದೆ. ಆದರೆ ನಾನು ಚಾರ್ಜ್ ಮಾಡುವುದು ರಾತ್ರಿ ಹನ್ನೊಂದಕ್ಕೆ. ಆಗ ಪಾವಗಡದಲ್ಲಿ ಕತ್ತಲೆ, ರಾಯಚೂರಿನ ಕಲ್ಲಿದ್ದಲ ಒಲೆಯಲ್ಲಿ ಬೆಂಕಿ. ಕಚೇರಿಯ ಪಾರ್ಕಿಂಗಿನಲ್ಲಿ ಮಧ್ಯಾಹ್ನ ಪ್ಲಗ್ಗು ಸಿಕ್ಕುವವರು ನನಗಿಂತ ಪುಣ್ಯವಂತರು.

ಎಲೆಕ್ಟ್ರಿಕ್ ಕಾರು ನಮಗೆ ಹೊಸತೇನಲ್ಲ, ಬೆಂಗಳೂರಿನ ರೇವಾ 2001ರಲ್ಲೇ ರಸ್ತೆಗಿಳಿದಿತ್ತು. ಸೀಸ ಮತ್ತು ಆಮ್ಲದ ಬ್ಯಾಟರಿ, ಎಂಬತ್ತು ಕಿಲೋಮೀಟರಿನ ಓಟ, ಇಬ್ಬರು ದೊಡ್ಡವರು ಕೂತರೆ ತುಂಬುವ ಪುಟ್ಟ ಗಾಡಿ. ನಾವು ನಕ್ಕೆವು, ಲಂಡನ್ನಿನವರು ಜಿ-ವಿಜ್ ಎಂದು ಹೆಸರಿಟ್ಟು ಓಡಿಸಿದರು. ಬಹುಶಃ ಅದು ಬಂದ ಕಾಲ ತಪ್ಪಿತ್ತು, ಬ್ಯಾಟರಿಯೂ.

ಪಕ್ಕದ ಮನೆಯವರು ಕಳೆದ ವಾರ ಗೇಟಿನ ಬಳಿ ನಿಂತು, "ನಾವೂ ಒಂದು ತಗೊಳ್ಳೋಣ ಅಂತಿದ್ದೀವಿ, ಏನಂತೀರಿ?" ಎಂದರು. ಮಗ ಅಪಾರ್ಟ್‌ಮೆಂಟಿನಲ್ಲಿದ್ದಾನೆ, ಕಾರು ಅವನಿಗಂತೆ. ಅಲ್ಲಿ ಚಾರ್ಜಿಂಗ್ ಪಾಯಿಂಟಿಗೆ ಅಸೋಸಿಯೇಷನ್ ಒಪ್ಪಿದೆಯೇ ಎಂದು ಕೇಳಿದೆ. ಮೀಟಿಂಗಿನಲ್ಲಿ ಮೂರು ಸಲ ಮುಂದೂಡಿದ್ದಾರಂತೆ. ಹಾಗಾದರೆ ನಾಲ್ಕನೇ ಮೀಟಿಂಗ್ ಆಗಲಿ ಎಂದೆ.

ಏಪ್ರಿಲ್ ಬಂದರೆ ಪ್ರತಿ ಭಾನುವಾರ ಗುಂಡಿಗೆ ಎರಡು ಕೊಡ ನೀರು ಹಾಕುವುದು ನನ್ನ ಕೆಲಸ. ಒಣಗಿದ ಮಣ್ಣು ಕರೆಂಟಿಗೆ ದಾರಿ ಕೊಡುವುದಿಲ್ಲ. ಉಪ್ಪು ಕರಗಿ ಸುತ್ತಲೂ ಇಳಿದಿದೆ. ದಾಸವಾಳದ ಎಲೆಗಳು ಅಂಚಿನಿಂದ ಸುಟ್ಟಂತೆ ಹಳದಿಯಾಗಿ, ಈ ವರ್ಷ ಒಂದು ಮೊಗ್ಗೂ ಬಿಟ್ಟಿಲ್ಲ. ದಿನಾ ದೇವರಿಗೆ ಹೂವು ಕೊಯ್ಯುತ್ತಿದ್ದ ನನ್ನ ಹೆಂಡತಿಗೆ ಕಿಲೋಮೀಟರಿಗೆ ಒಂದೇ ರೂಪಾಯಿ ಎಂಬ ನನ್ನ ಲೆಕ್ಕ ಇನ್ನೂ ಹಿಡಿಸಿಲ್ಲ.