ಮನೆಯ ಹೊರಗಣ ಮರದ ಡೆಕ್ಕು: ಸುರಕ್ಷತೆಯ ಪರೀಕ್ಷೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮನೆಯ ಹಿಂಭಾಗದ ಗೋಡೆಗೆ ತಾಗಿಸಿ, ನೆಲದಿಂದ ಎತ್ತರಿಸಿ ಕಟ್ಟಿದ ಮರದ ಹಾಸಿಗೆ ಡೆಕ್ಕು ಎಂದು ಹೆಸರು. ನಮ್ಮ ಜಗಲಿಯ ಕೆಲಸವನ್ನೇ ಅದೂ ಮಾಡುವುದಾದರೂ ಇವೆರಡಕ್ಕೂ ಮುಖ್ಯವಾದ ಭೇದವೊಂದುಂಟು. ಜಗಲಿಗೆ ಮೇಲೆ ಸೂರಿನ ಆಶ್ರಯವೂ ಕೆಳಗೆ ಕಲ್ಲುಮಣ್ಣಿನ ಆಧಾರವೂ ಇವೆ. ಡೆಕ್ಕಾದರೋ ಮಳೆ, ಹಿಮ, ಬಿಸಿಲುಗಳಿಗೆ ಮೈಯೊಡ್ಡಿ ಕೆಲವು ಕಂಬಗಳ ಮೇಲೆ ನಿಂತಿರುತ್ತದೆ. ಅದನ್ನು ಪರೀಕ್ಷಿಸುವ ಕ್ರಮವನ್ನೂ ಆ ಕ್ರಮಕ್ಕೆ ಆಧಾರವಾದ ಕಾರಣಗಳನ್ನೂ ಇಲ್ಲಿ ಸಂಗ್ರಹವಾಗಿ ನಿರೂಪಿಸುತ್ತೇವೆ.

ಈ ವಿಚಾರವು ಅಲ್ಪವೆಂದು ತೋರಬಹುದು. ಆದರೆ ೨೦೦೩ರ ಜೂನ್ ೨೯ರಂದು ಷಿಕಾಗೋ ನಗರದಲ್ಲಿ ಮನೆಯೊಂದರ ಮರದ ಮೊಗಸಾಲೆಗಳು ಜನರ ಭಾರಕ್ಕೆ ಕುಸಿದು ೧೩ ಮಂದಿ ಮಡಿದರು. ೨೦೧೫ರ ಜೂನ್ ೧೬ರಂದು ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಉಪ್ಪರಿಗೆಯೊಂದರ ಬಾಲ್ಕನಿ ಮುರಿದು ೬ ಮಂದಿ ತರುಣರು ಸತ್ತರು. ೭ ಮಂದಿ ಗಾಯಗೊಂಡರು. ಆ ಕಟ್ಟಡಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ಹೊರಗೆ ಗಟ್ಟಿಯಾಗಿ ಕಾಣುತ್ತಿದ್ದರೂ ಒಳಗಿನ ಜಂತೆಗಳು ತೇವದಿಂದ ಕೊಳೆತಿದ್ದುವು. ಕಣ್ಣಿಗೆ ಚೆನ್ನಾಗಿರುವುದೆಲ್ಲ ಭದ್ರವಲ್ಲವೆಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.

ಮೊದಲು ಭಾರವನ್ನು ಗಣಿಸೋಣ. ಅಲ್ಲಿಯ ಕಟ್ಟಡ ನಿಯಮಗಳು ಸಾಮಾನ್ಯವಾಗಿ ಡೆಕ್ಕು ಚದರಡಿಗೆ ೪೦ ಪೌಂಡು ಭಾರವನ್ನು ತಾಳಬೇಕೆಂದು ವಿಧಿಸುತ್ತವೆ. ೧೪ ಅಡಿ ಉದ್ದ, ೧೨ ಅಡಿ ಅಗಲದ ಡೆಕ್ಕಿಗೆ ಇದು ೬,೭೨೦ ಪೌಂಡು, ಎಂದರೆ ಸುಮಾರು ೩ ಟನ್ನು. ಒಂದು ಅಂಚು ಗೋಡೆಯ ಮೇಲೂ ಇನ್ನೊಂದು ಅಂಚು ಕಂಬಗಳ ಮೇಲೂ ಇರುವಾಗ ಇದರಲ್ಲಿ ಸುಮಾರು ಅರ್ಧಭಾಗವು ಗೋಡೆಗೆ ಬಿಗಿದ ಆಧಾರಪಟ್ಟಿಯೊಂದರ ಮೇಲೆಯೇ ಬೀಳುತ್ತದೆ.

ಆದುದರಿಂದ ಪರೀಕ್ಷೆಯು ಈ ಪಟ್ಟಿಯಿಂದಲೇ ಆರಂಭವಾಗತಕ್ಕದ್ದು. ಅದನ್ನು ಬರಿಯ ಮೊಳೆಗಳಿಂದ ಹೊಡೆದಿದ್ದರೆ ಅಪಾಯವೆಂದೇ ತಿಳಿಯಬೇಕು. ಮೊಳೆಯು ಅಡ್ಡಲಾಗಿ ಬೀಳುವ ಭಾರವನ್ನು ಒಂದು ಮಟ್ಟಿಗೆ ತಡೆದೀತು. ಹೊರಕ್ಕೆ ಎಳೆಯುವ ಬಲಕ್ಕೆ ಮಾತ್ರ ಸುಲಭವಾಗಿ ಜಾರಿಬರುತ್ತದೆ. ಪಟ್ಟಿಯು ಗೋಡೆಯಿಂದ ಕಿತ್ತುಬಂದರೆ ಡೆಕ್ಕು ಮುನ್ಸೂಚನೆಯಿಲ್ಲದೆ ಬೀಳಬಹುದು. ಬೋಲ್ಟುಗಳನ್ನಾಗಲಿ ಅದಕ್ಕೆಂದೇ ಮಾಡಿದ ದಪ್ಪ ತಿರುಪುಗಳನ್ನಾಗಲಿ ಹಾಕಿರುವುದು ಅವಶ್ಯಕ. ಪಟ್ಟಿಯ ಮೇಲಂಚಿನಲ್ಲಿ ನೀರನ್ನು ಹೊರಕ್ಕೆ ಹರಿಸುವ ತಗಡು ಇದೆಯೇ ಎಂಬುದನ್ನೂ ನೋಡಬೇಕು. ಇಲ್ಲದಿದ್ದರೆ ನೀರು ಹಿಂದೆ ಇಳಿದು ಪಟ್ಟಿಯನ್ನೂ ಮನೆಯ ಮರವನ್ನೂ ಕೊಳೆಯಿಸುತ್ತದೆ.

ಎರಡನೆಯದು ಮರದ ಸ್ಥಿತಿ. ಮರವನ್ನು ಕೊಳೆಯಿಸುವ ಶಿಲೀಂಧ್ರಗಳಿಗೆ ತೇವವೇ ಜೀವಾಳ. ತೇವಾಂಶವು ನೂರಕ್ಕೆ ೨೦ರ ಕೆಳಗಿದ್ದರೆ ಅವು ಬೆಳೆಯಲಾರವು. ಆದಕಾರಣ ನೀರು ನಿಲ್ಲುವ ಎಡೆಗಳನ್ನು, ಎಂದರೆ ಕಂಬದ ಬುಡ, ಜಂತೆಯ ತುದಿ, ಮೆಟ್ಟಿಲಿನ ಕೆಳಭಾಗ, ಮೊಳೆಗಳ ಸುತ್ತುಮುತ್ತುಗಳನ್ನು ದಬ್ಬಣದಿಂದ ಚುಚ್ಚಿ ನೋಡಬೇಕು. ಗಟ್ಟಿಮರವು ಮೊನೆಯನ್ನು ತಡೆಯುತ್ತದೆ, ಸೀಳಿದರೆ ಉದ್ದವಾದ ಸಿಬಿರು ಏಳುತ್ತದೆ. ಕೊಳೆತ ಮರದಲ್ಲಿ ಮೊನೆಯು ಸಲೀಸಾಗಿ ಇಳಿಯುತ್ತದೆ, ಚೂರುಗಳು ಪಟ್ಟನೆ ಮುರಿಯುತ್ತವೆ.

ಮೂರನೆಯದು ಲೋಹದ ಭಾಗಗಳು. ೨೦೦೩ರ ಕೊನೆಗೆ ಅಲ್ಲಿ ಮನೆಬಳಕೆಯ ಮರಕ್ಕೆ ಆರ್ಸೆನಿಕ್ ಕೂಡಿದ ರಕ್ಷಕದ್ರವ್ಯವನ್ನು ಊಡುವುದು ಬಹುಮಟ್ಟಿಗೆ ನಿಂತು, ತಾಮ್ರಾಂಶ ಹೆಚ್ಚಾದ ದ್ರವ್ಯಗಳು ಬಳಕೆಗೆ ಬಂದುವು. ಇವು ಸಾಮಾನ್ಯ ಉಕ್ಕನ್ನು ಬೇಗ ತಿನ್ನುತ್ತವೆ. ಸತುವಿನ ದಪ್ಪಲೇಪವುಳ್ಳ ಅಥವಾ ತುಕ್ಕು ಹಿಡಿಯದ ಉಕ್ಕಿನ ಮೊಳೆ, ಕೊಂಡಿಗಳೇ ಇಲ್ಲಿ ಯೋಗ್ಯವಾದುವು.

ಕಡೆಯದಾಗಿ ಕಟಕಟೆ. ನೆಲದಿಂದ ೩೦ ಅಂಗುಲಕ್ಕೆ ಮೀರಿದ ಡೆಕ್ಕಿಗೆ ಸಾಮಾನ್ಯವಾಗಿ ೩೬ ಅಂಗುಲವಾದರೂ ಎತ್ತರದ ಕಟಕಟೆ ಇರಬೇಕು. ಮಗುವಿನ ತಲೆ ತೂರದಂತೆ, ೪ ಅಂಗುಲದ ಚೆಂಡು ಕಂಬಿಗಳ ನಡುವೆ ಹಾಯಬಾರದು. ಕೈಯಿಂದ ಬಲವಾಗಿ ತಳ್ಳಿದಾಗ ಅದು ಅಲುಗಿದರೆ ಬುಡದ ಬಿಗಿತವು ಸಡಲಿದೆಯೆಂದು ಊಹಿಸಬಹುದು.

ಬರ್ಕ್ಲಿಯ ದುರಂತದ ತರುವಾಯ ಕ್ಯಾಲಿಫೋರ್ನಿಯವು ೨೦೧೮ರಲ್ಲಿ ಶಾಸನ ಮಾಡಿ, ಮೂರು ಅಥವಾ ಹೆಚ್ಚು ವಸತಿಗಳುಳ್ಳ ಬಾಡಿಗೆಯ ಕಟ್ಟಡಗಳಲ್ಲಿ ಇಂಥ ಭಾಗಗಳನ್ನು ಆರು ವರ್ಷಕ್ಕೊಮ್ಮೆ ಪರೀಕ್ಷಿಸಬೇಕೆಂದು ವಿಧಿಸಿತು. ಒಂದೇ ಕುಟುಂಬ ವಾಸಿಸುವ ಮನೆಗೆ ಆ ಶಾಸನವು ಅನ್ವಯಿಸದು. ಅಲ್ಲಿ ಒಡೆಯನ ಎಚ್ಚರವೇ ಕಾವಲು. ವರ್ಷಕ್ಕೊಮ್ಮೆ ದೀಪವನ್ನೂ ದಬ್ಬಣವನ್ನೂ ಹಿಡಿದು ಡೆಕ್ಕಿನ ಕೆಳಗೆ ಹೋಗುವುದು ಕಷ್ಟವಲ್ಲ. ಮುಚ್ಚಿದ ಹೊದಿಕೆಯೊಳಗೆ ಕಣ್ಣು ಹಾಯದಿದ್ದಲ್ಲಿ, ಅಥವಾ ಸಂದೇಹವು ಉಳಿದಲ್ಲಿ, ತಜ್ಞನಾದ ಇಂಜಿನಿಯರನನ್ನು ಕರೆಯಿಸಬೇಕು. ಅಲ್ಲಿಯವರೆಗೆ ಅದರ ಮೇಲೆ ಜನ ಸೇರಿಸದಿರುವುದೇ ವಿವೇಕ.