ಏಳನೆಯ ವರ್ಷದ ಹೊಲ

ಜಮಖಂಡಿ, ಮುಧೋಳ ಸೀಮೆಯ ಎರೆಹೊಲಗಳಿಗೆ ಒಂದು ಕಾಲಕ್ಕೆ ವರ್ಷವರ್ಷವೂ ಬಿಡುವು ಸಿಗುತ್ತಿತ್ತು. ಮುಂಗಾರಿನಲ್ಲಿ ಬಿತ್ತದೆ, ಹರಗಿ ಹರಗಿ ನೆಲಕ್ಕೆ ಮಳೆನೀರು ಕುಡಿಸಿ, ಹಿಂಗಾರಿಗೆ ಬಿಳಿಜೋಳವನ್ನೋ ಕಡಲೆಯನ್ನೋ ಬಿತ್ತುವುದು ಇಲ್ಲಿನ ಒಣಬೇಸಾಯದ ರೂಢಿ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಬಾಯಾರಿದ ನಾಡಿಗೆ ಅದು ಬೇಕೇ ಇತ್ತು. ನೀರಿನ ಹಿಂದೆಯೇ ಕಬ್ಬು ಹಬ್ಬಿತು. ನಾಟಿ ಕಬ್ಬು ವರ್ಷವಿಡೀ ನೆಲ ಬಿಡುವುದಿಲ್ಲ. ಕಡಿದರೆ ಕೂಳೆ, ಅದು ಮುಗಿದರೆ ಮತ್ತೆ ನಾಟಿ.

ಎರೆಮಣ್ಣು ನೀರನ್ನು ಸುಲಭವಾಗಿ ಕೆಳಗಿಳಿಸುವುದಿಲ್ಲ. ಹಾಯಿಸಿದ್ದು ಹೆಚ್ಚಾದರೆ ಅಂತರ್ಜಲ ಬೇರಿನ ಮಟ್ಟಕ್ಕೇರುತ್ತದೆ, ಜೊತೆಗೆ ಮಣ್ಣಿನ ಲವಣವನ್ನೂ ಕರಗಿಸಿ ಮೇಲೆ ತರುತ್ತದೆ. ಬಿಸಿಲಿಗೆ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಇಲ್ಲಿನ ರೈತರು ‘ಸವಳು-ಜವಳು’ ಎನ್ನುವ ರೋಗ ಇದೇ.

ಈ ಸೀಮೆಯಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು. ಅವರ ಹಳೆಯ ನೆಲೆಯೊಂದನ್ನು ನೋಡಬೇಕೆಂದರೆ ಬಾಸೆಲ್ ಮಿಷನ್ ನೇಕಾರರ ನಡುವೆ ನೆಲೆಯೂರಿದ ಗುಳೇದಗುಡ್ಡದ ಕಡೆ ಹೋಗಬೇಕು. ಆದರೂ ಅವರ ಧರ್ಮಗ್ರಂಥ ಪರಿಸರದ ಬಗ್ಗೆ ಹೇಳುವ ಅತ್ಯಂತ ಗಟ್ಟಿ ಮಾತು ಈ ಹೊಲಗಳಿಗೇ ನೇರವಾಗಿ ತಗಲುತ್ತದೆ. ಆರು ವರ್ಷ ಬಿತ್ತು, ಏಳನೆಯ ವರ್ಷ ನೆಲವನ್ನು ಬೀಳು ಬಿಡು ಎಂಬುದು ವಿಮೋಚನಕಾಂಡ ಮತ್ತು ಯಾಜಕಕಾಂಡಗಳ ಕಟ್ಟಳೆ. ಆ ವರ್ಷ ತಾನಾಗಿ ಬೆಳೆದದ್ದು ಬಡವರಿಗೆ, ಉಳಿದದ್ದು ಕಾಡುಪ್ರಾಣಿಗಳಿಗೆ. ಕಾರಣವೂ ಅಲ್ಲೇ ಇದೆ: ಭೂಮಿ ದೇವರದು, ಉಳುವವನು ಬರೀ ಒಕ್ಕಲು. ಫಲವತ್ತಾದ ನೆಲ ಅಲ್ಲಿ ಬಾಳುವವರ ತಪ್ಪಿನಿಂದ ಉಪ್ಪುನೆಲವಾಗುವ ಮಾತು 107ನೆಯ ಕೀರ್ತನೆಯಲ್ಲಿ ಬರುತ್ತದೆ. ಮುಧೋಳದ ಯಾವ ರೈತನಿಗೂ ಇದಕ್ಕೆ ವ್ಯಾಖ್ಯಾನ ಬೇಕಾಗಲಾರದು.

ಇಷ್ಟಿದ್ದೂ ಕ್ರೈಸ್ತಧರ್ಮದ ಮೇಲೆ ದೊಡ್ಡ ಆರೋಪ ಬಂತು. 1967ರಲ್ಲಿ ಅಮೆರಿಕದ ಇತಿಹಾಸಕಾರ ಲಿನ್ ವೈಟ್, ‘ಸೈನ್ಸ್’ ಪತ್ರಿಕೆಯ ಲೇಖನವೊಂದರಲ್ಲಿ, ಮನುಷ್ಯನಿಗೆ ಸೃಷ್ಟಿಯ ಮೇಲೆ ಒಡೆತನವಿದೆ ಎಂಬ ಪಾಶ್ಚಾತ್ಯ ಕ್ರೈಸ್ತ ನಂಬಿಕೆಯೇ ಪರಿಸರ ಬಿಕ್ಕಟ್ಟಿನ ಬೇರು ಎಂದ. ಆದಿಕಾಂಡದ ಮೊದಲ ಅಧ್ಯಾಯ ಭೂಮಿಯನ್ನು ವಶಮಾಡಿಕೊಳ್ಳಲು ಹೇಳುತ್ತದೆ ನಿಜ. ಎರಡನೆಯದು ತೋಟವನ್ನು ಸಾಗುಮಾಡಿ ಕಾಯಲು ಹೇಳುತ್ತದೆ. ಮೊದಲನೆಯದನ್ನು ಓದಿದ ಉತ್ಸಾಹದಲ್ಲಿ ಎರಡನೆಯದನ್ನು ಓದಿದವರು ಕಡಿಮೆ. ಕರ್ನಾಟಕದಲ್ಲೇ ಉದಾಹರಣೆಯುಂಟು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಶುರುಮಾಡಿದ ಹೆಂಚಿನ ಕಾರ್ಖಾನೆ ನೂರಾರು ಜನಕ್ಕೆ ಕೆಲಸ ಕೊಟ್ಟಿತು, ಮನೆಗಳಿಗೆ ಭದ್ರ ಸೂರು ಕೊಟ್ಟಿತು. ಭಟ್ಟಿಗೆ ಉರುವಲಾದದ್ದು ಮಾತ್ರ ಕಾಡಿನ ಕಟ್ಟಿಗೆ.

ಇನ್ನೊಂದು ಬಗೆಯ ಕ್ರೈಸ್ತ ದುಡಿಮೆಯೂ ಈ ನಾಡಿನಲ್ಲಿ ನಡೆದಿದೆ. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಸಸ್ಯಶಾಸ್ತ್ರಜ್ಞ ಸೆಸಿಲ್ ಸಲ್ಡಾನ್ಹಾ ಯೇಸುಸಭೆಯ ಪಾದ್ರಿಯಾಗಿದ್ದರು. ಡ್ಯಾನ್ ನಿಕಲ್ಸನ್ ಜೊತೆ ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ದಾಖಲಿಸಿದ ಅವರ ಗ್ರಂಥ 1976ರಲ್ಲಿ ಬಂತು. 1984ರಲ್ಲಿ ಕರ್ನಾಟಕದ ಸಸ್ಯಗಳ ಮೊದಲ ಸಂಪುಟ. ಉಪದೇಶವಿಲ್ಲ, ಗಿಡಗಳ ಹೆಸರು, ಲಕ್ಷಣ, ನೆಲೆ ಅಷ್ಟೇ. ಏನಿದೆ ಎಂದು ಗೊತ್ತಿಲ್ಲದೆ ಕಾಯುವುದಾದರೂ ಏನನ್ನು?

2015ರಲ್ಲಿ ಪೋಪ್ ಫ್ರಾನ್ಸಿಸ್ ‘ಲೌದಾತೋ ಸಿ’ ಎಂಬ ವಿಶ್ವಪತ್ರ ಹೊರಡಿಸಿದರು. ಭೂಮಿಯ ಗೋಳು, ಬಡವರ ಗೋಳು ಬೇರೆಬೇರೆಯಲ್ಲ ಎಂಬುದು ಅದರ ತಿರುಳು. ಏಳನೆಯ ವರ್ಷದ ಕಟ್ಟಳೆಯನ್ನೂ ಅದು ನೆನಪಿಸುತ್ತದೆ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಹಲವು ಪಂಗಡಗಳ ಚರ್ಚುಗಳು ‘ಸೃಷ್ಟಿಯ ಕಾಲ’ವನ್ನು ಆಚರಿಸುತ್ತವೆ. ಸಸಿ ನೆಡುವುದು ಅದರ ಸುಲಭದ ಭಾಗ.

ಕಷ್ಟದ ಭಾಗ ಹೊಲದಲ್ಲಿದೆ. ಸವಳಿಗೆ ಮದ್ದು ಗೊತ್ತಿರುವಂಥದ್ದೇ: ನೆಲದಡಿ ಕೊಳವೆ ಹೂತು ನೀರು ಬಸಿಯುವುದು, ಹನಿ ನೀರಾವರಿ, ರವದಿ ಸುಡದೆ ಮಣ್ಣಿಗೆ ಸೇರಿಸುವುದು, ನಡುವೆ ಸೆಣಬಿನಂಥ ಹಸಿರೆಲೆ ಗೊಬ್ಬರದ ಬೆಳೆ. ಎರಡೆಕರೆಯ ರೈತ ಒಂದು ಹಂಗಾಮು ಕಬ್ಬು ಬಿಟ್ಟರೆ ಸೊಸೈಟಿಯ ಸಾಲದ ಕಂತು ಕಟ್ಟುವವರು ಯಾರು? ಹಳೆಯ ಕಟ್ಟಳೆ ಈ ಪ್ರಶ್ನೆಯನ್ನು ಹಾರಿಸಿಲ್ಲ. ಧರ್ಮೋಪದೇಶಕಾಂಡದ 15ನೆಯ ಅಧ್ಯಾಯ ಪ್ರತಿ ಏಳನೆಯ ವರ್ಷಕ್ಕೆ ಸಾಲಮನ್ನಾವನ್ನೂ ವಿಧಿಸುತ್ತದೆ. ಆ ವರ್ಷ ಹತ್ತಿರವಾಗುತ್ತಿದ್ದಂತೆ ಸಾಲ ಕೊಡಲು ಹಿಂಜರಿಯುವ ಸಾಹುಕಾರನನ್ನೂ ಅದು ಅಲ್ಲೇ ಗದರಿಸುತ್ತದೆ.