ಫಿಜಿಷಿಯನ್ ಎಂದರೆ ಯಾರು? ಅವರ ಕೆಲಸವೇನು?

ಎದೆಯಲ್ಲಿ ಉರಿ ಕಾಣಿಸಿಕೊಂಡರೆ ಹೃದ್ರೋಗ ತಜ್ಞರು, ತಲೆ ಸುತ್ತಿದರೆ ನರರೋಗ ತಜ್ಞರು, ಕಾಲು ಊದಿಕೊಂಡರೆ ಮೂತ್ರಪಿಂಡ ತಜ್ಞರು. ಯಾವ ಅಂಗದ ತಜ್ಞರ ಬಳಿಗೆ ಹೋಗಬೇಕೆಂಬುದನ್ನು ರೋಗಿಯೇ ತೀರ್ಮಾನಿಸಿಕೊಳ್ಳುವುದು ಈಗ ಸಾಮಾನ್ಯವಾಗಿದೆ. ಆದರೆ ಎದೆಯುರಿ ಜಠರದ ಆಮ್ಲದಿಂದ ಬಂದಿರಬಹುದು. ತಲೆಸುತ್ತು ರಕ್ತಹೀನತೆಯ ಫಲವಾಗಿರಬಹುದು. ಕಾಲಿನ ಊತಕ್ಕೆ ಹೃದಯ, ಯಕೃತ್ತು, ಮೂತ್ರಪಿಂಡ, ಥೈರಾಯ್ಡ್ ಗ್ರಂಥಿ ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ರಕ್ತದೊತ್ತಡಕ್ಕೆಂದು ಸೇವಿಸುತ್ತಿರುವ ಆ್ಯಮ್ಲೋಡಿಪಿನ್ ಮಾತ್ರೆಯೂ ಕಾರಣವಾಗಿರಬಹುದು. ರೋಗ ಯಾವ ಅಂಗದ್ದು ಎಂಬುದೇ ತಿಳಿಯದಿರುವಾಗ ಮೊದಲು ಕಾಣಬೇಕಾದವರು ಫಿಜಿಷಿಯನ್.

ಹೆಸರಿನ ಹಿನ್ನೆಲೆ

ಶಸ್ತ್ರಚಿಕಿತ್ಸೆಯ ಹೊರತಾಗಿ, ಔಷಧೋಪಚಾರದಿಂದ ವಯಸ್ಕರ ಒಳ ಅಂಗಗಳ ರೋಗಗಳಿಗೆ ಚಿಕಿತ್ಸೆ ನೀಡುವ ಶಾಖೆಗೆ 'ಇಂಟರ್ನಲ್ ಮೆಡಿಸಿನ್' ಎಂಬ ಹೆಸರಿದೆ. ಈ ಹೆಸರು ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ. ರೋಗಲಕ್ಷಣಗಳನ್ನು ವರ್ಣಿಸುವುದಷ್ಟೇ ಸಾಲದು, ಶರೀರದೊಳಗೆ ನಡೆಯುವ ವ್ಯತ್ಯಾಸಗಳನ್ನು ಪ್ರಯೋಗಾಲಯದ ನೆರವಿನಿಂದ ಅರಿಯಬೇಕು ಎಂಬುದು ಅಲ್ಲಿನ ವೈದ್ಯರ ನಿಲುವಾಗಿತ್ತು. ಇದಕ್ಕೂ ಮೊದಲೇ, 1816ರಲ್ಲಿ, ಫ್ರಾನ್ಸಿನ ಲೆನೆಕ್ ಸ್ಟೆತಾಸ್ಕೋಪನ್ನು ರೂಪಿಸಿ ಎದೆಯೊಳಗಿನ ಸದ್ದನ್ನು ಆಲಿಸುವ ದಾರಿ ತೋರಿದ್ದರು. 1892ರಲ್ಲಿ ವಿಲಿಯಂ ಆಸ್ಲರ್ ಬರೆದ ವೈದ್ಯಶಾಸ್ತ್ರದ ಪಠ್ಯ ಈ ಶಾಖೆಗೆ ಭದ್ರವಾದ ತಳಹದಿ ಹಾಕಿತು. ವಿದ್ಯಾರ್ಥಿಗಳು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ಕಲಿಯಬೇಕೆಂದು ಪಟ್ಟು ಹಿಡಿದವರೂ ಅವರೇ.

ಭಾರತದಲ್ಲಿ ಇದೇ ಶಾಖೆಯನ್ನು 'ಜನರಲ್ ಮೆಡಿಸಿನ್' ಎನ್ನಲಾಗುತ್ತದೆ. ಫಿಜಿಷಿಯನ್ನರ ಅಖಿಲ ಭಾರತ ಸಂಘ 1944ರಿಂದಲೂ ಅಸ್ತಿತ್ವದಲ್ಲಿದೆ.

ಎಷ್ಟು ವರ್ಷಗಳ ಓದು?

ನಾಲ್ಕೂವರೆ ವರ್ಷಗಳ ಎಂ.ಬಿ.ಬಿ.ಎಸ್. ವ್ಯಾಸಂಗ, ಒಂದು ವರ್ಷದ ಕಡ್ಡಾಯ ತರಬೇತಿ, ಆನಂತರ ಮೂರು ವರ್ಷಗಳ ಎಂ.ಡಿ. ಇಷ್ಟಾದ ಮೇಲೆ ಒಬ್ಬರು ಫಿಜಿಷಿಯನ್ ಎನಿಸಿಕೊಳ್ಳುತ್ತಾರೆ. ಮುಂದೆ ಮೂರು ವರ್ಷ ಡಿ.ಎಂ. ಮಾಡಿದವರು ಹೃದಯ, ನರ, ಮೂತ್ರಪಿಂಡ, ಜೀರ್ಣಾಂಗ ಮೊದಲಾದ ಒಂದೊಂದು ಕ್ಷೇತ್ರದ ತಜ್ಞರಾಗುತ್ತಾರೆ. ಅಂದರೆ ಈ ಉನ್ನತ ತಜ್ಞರಲ್ಲಿ ಬಹುಪಾಲು ಮಂದಿ ಮೊದಲು ಜನರಲ್ ಮೆಡಿಸಿನ್ ಓದಿದವರೇ.

ಜನಸಾಮಾನ್ಯರು 'ಎಂ.ಡಿ. ಡಾಕ್ಟರು' ಎನ್ನುವುದುಂಟು. ಆದರೆ ಮಕ್ಕಳ ವೈದ್ಯರೂ ಚರ್ಮರೋಗ ವೈದ್ಯರೂ ಎಂ.ಡಿ. ಪದವೀಧರರಾಗಿರಬಹುದು. ಆದ್ದರಿಂದ ಫಲಕದಲ್ಲಿ ಎಂ.ಡಿ. ಎಂಬುದರ ಮುಂದೆ 'ಜನರಲ್ ಮೆಡಿಸಿನ್' ಎಂದು ಇದೆಯೇ ಎಂಬುದನ್ನು ಗಮನಿಸುವುದು ಒಳ್ಳೆಯದು.

ಜ್ವರ ಒಂದು, ಕಾರಣ ಹಲವು

ಫಿಜಿಷಿಯನ್ನರ ಕೆಲಸದ ಸ್ವರೂಪ ಚೆನ್ನಾಗಿ ತಿಳಿಯುವುದು ಜ್ವರದ ರೋಗಿಯನ್ನು ಅವರು ಪರೀಕ್ಷಿಸುವಾಗ. ನಾಲ್ಕು ದಿನಗಳಿಂದ ಜ್ವರ, ಮೈಕೈ ನೋವು, ತಲೆನೋವು ಎಂದು ಮಲೆನಾಡಿನ ಕೃಷಿಕರೊಬ್ಬರು ಬಂದರೆ ಅದು ಡೆಂಗಿ, ಮಲೇರಿಯಾ, ಟೈಫಾಯ್ಡ್, ಇಲಿಜ್ವರ, ಸ್ಕ್ರಬ್ ಟೈಫಸ್ ಅಥವಾ ಮಂಗನ ಕಾಯಿಲೆ ಆಗಿರಬಹುದು. ಮೊದಲ ದಿನಗಳಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ.

ಆಗ ವೈದ್ಯರು ಕೇಳುವ ಪ್ರಶ್ನೆಗಳು ರೋಗಿಗೆ ಅಪ್ರಸ್ತುತವೆನಿಸಬಹುದು. ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡಿದ್ದೀರಾ ಎಂದು ಕೇಳುವುದು ಇಲಿಜ್ವರದ ಅನುಮಾನದಿಂದ. ಕಾಡಿಗೆ ಹೋಗಿದ್ದಿರಾ, ಉಣುಗು ಕಚ್ಚಿತ್ತೇ ಎಂದು ಕೇಳುವುದು ಮಂಗನ ಕಾಯಿಲೆಯ ಅನುಮಾನದಿಂದ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಹೆಚ್ಚಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗಿನ ಒಣಹವೆಯಲ್ಲಿ ಹರಡುವುದರಿಂದ, ಜ್ವರ ಬಂದ ತಿಂಗಳೂ ಒಂದು ಸುಳಿವಾಗುತ್ತದೆ.

ಪ್ರಶ್ನೆಯ ನಂತರದ್ದು ದೇಹ ಪರೀಕ್ಷೆ. ಸ್ಕ್ರಬ್ ಟೈಫಸ್‌ನಲ್ಲಿ ಸೂಕ್ಷ್ಮ ಕೀಟ ಕಚ್ಚಿದ ಜಾಗದಲ್ಲಿ ಸಿಗರೇಟಿನಿಂದ ಸುಟ್ಟಂತಹ ಕಪ್ಪು ಹೊಪ್ಪಳೆಯೊಂದು ಮೂಡಬಹುದು. ಅದು ಕಂಕುಳಲ್ಲೋ ತೊಡೆಸಂದಿಯಲ್ಲೋ ಅಡಗಿರುತ್ತದೆ, ನೋಯುವುದಿಲ್ಲವಾದ್ದರಿಂದ ರೋಗಿಗೂ ಅದರ ಅರಿವಿರುವುದಿಲ್ಲ. ಹುಡುಕಿ ನೋಡಿದ ವೈದ್ಯರಿಗೆ ರೋಗ ಅಲ್ಲಿಯೇ ಬಹುಮಟ್ಟಿಗೆ ತಿಳಿದುಬಿಡುತ್ತದೆ. ಕಡಿಮೆ ಬೆಲೆಯ ಡಾಕ್ಸಿಸೈಕ್ಲಿನ್ ಮಾತ್ರೆಯಿಂದಲೇ ಗುಣವಾಗುವ ಈ ಕಾಯಿಲೆ, ಗುರುತಿಸುವುದು ತಡವಾದರೆ ಶ್ವಾಸಕೋಶ, ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣಕ್ಕೇ ಎರವಾಗಬಲ್ಲದು. ರಕ್ತಪರೀಕ್ಷೆ ಬೇಡವೆಂದಲ್ಲ. ಯಾವ ಪರೀಕ್ಷೆ ಬೇಕು, ಯಾವುದು ಬೇಡ ಎಂಬುದು ಮಾತು ಮತ್ತು ದೇಹ ಪರೀಕ್ಷೆಯ ಬಳಿಕವೇ ನಿರ್ಧಾರವಾಗಬೇಕು.

ಹಲವು ಕಾಯಿಲೆ, ಹಲವು ಚೀಟಿ

ಫಿಜಿಷಿಯನ್ನರ ಅಗತ್ಯ ಇನ್ನೂ ಹೆಚ್ಚಾಗಿ ಕಂಡುಬರುವುದು ವೃದ್ಧರ ವಿಷಯದಲ್ಲಿ. ಅರವತ್ತೈದು ದಾಟಿದ ಹಿರಿಯರೊಬ್ಬರಿಗೆ ಮಧುಮೇಹ, ರಕ್ತದೊತ್ತಡ ಮತ್ತು ಮಂಡಿನೋವು ಇದೆ ಎಂದುಕೊಳ್ಳೋಣ. ರಕ್ತದೊತ್ತಡಕ್ಕೆ ಒಬ್ಬ ವೈದ್ಯರು ಎನಲಾಪ್ರಿಲ್ ಬರೆದಿರುತ್ತಾರೆ. ಕಾಲಿನ ಊತಕ್ಕೆ ಮತ್ತೊಬ್ಬರು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟಿರುತ್ತಾರೆ. ಮಂಡಿನೋವಿಗೆ ಔಷಧದ ಅಂಗಡಿಯಿಂದ ಡೈಕ್ಲೋಫಿನಾಕ್ ತಂದು ನುಂಗುವ ರೂಢಿಯಾಗಿರುತ್ತದೆ. ಬಿಡಿಬಿಡಿಯಾಗಿ ನೋಡಿದರೆ ಮೂರೂ ಪರಿಚಿತ ಮಾತ್ರೆಗಳೇ. ಒಟ್ಟಾಗಿ ಸೇರಿದಾಗ ಮೂತ್ರಪಿಂಡಕ್ಕೆ ಹರಿಯುವ ರಕ್ತದ ಒತ್ತಡ ತಗ್ಗಿ ಅದು ಹಠಾತ್ತನೆ ಸೋಲಬಹುದು. ಬೇಸಿಗೆಯಲ್ಲಿ ವಾಂತಿಭೇದಿಯಾಗಿ ದೇಹದ ನೀರು ಕಡಿಮೆಯಾದರೆ ಅಪಾಯ ಇಮ್ಮಡಿಸುತ್ತದೆ. ಮೂತ್ರಪಿಂಡ ಕುಂದಿದ ಮೇಲೆ ಮಧುಮೇಹಕ್ಕೆ ಸೇವಿಸುವ ಮೆಟ್‌ಫಾರ್ಮಿನ್ ಪ್ರಮಾಣವನ್ನೂ ಇಳಿಸಬೇಕಾಗುತ್ತದೆ ಅಥವಾ ನಿಲ್ಲಿಸಬೇಕಾಗುತ್ತದೆ.

ಇಲ್ಲಿ ಯಾವ ತಜ್ಞರೂ ತಪ್ಪು ಮಾಡಿಲ್ಲ. ಎಲ್ಲ ಚೀಟಿಗಳನ್ನು ಒಟ್ಟಿಗೆ ಇಟ್ಟು ನೋಡಿದವರು ಇಲ್ಲ, ಅಷ್ಟೆ. ಹಾಗೆ ನೋಡುವುದು, ಬೇಡದ ಮಾತ್ರೆಗಳನ್ನು ತೆಗೆದುಹಾಕುವುದು, ನಿಜವಾಗಿ ಅಗತ್ಯವಿದ್ದಾಗ ಮಾತ್ರ ಸರಿಯಾದ ತಜ್ಞರಲ್ಲಿಗೆ ಕಳುಹಿಸುವುದು ಫಿಜಿಷಿಯನ್ನರ ಮುಖ್ಯ ಹೊಣೆ. ಹೊಸ ಮಾತ್ರೆ ಬರೆಯುವುದಕ್ಕಿಂತ ಹಳೆಯದೊಂದನ್ನು ನಿಲ್ಲಿಸುವುದು ಅನೇಕ ವೇಳೆ ಹೆಚ್ಚು ಯೋಚನೆ ಬೇಡುವ ಕೆಲಸ.

ರೋಗಿ ಮಾಡಬೇಕಾದದ್ದು

ವೈದ್ಯರ ಬಳಿಗೆ ಹೋಗುವಾಗ ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ನಾಟಿ ಔಷಧ, ಚೂರ್ಣ, ಕಷಾಯ, ಅಂಗಡಿಯಿಂದ ತಂದ ನೋವಿನ ಮಾತ್ರೆ ಯಾವುದನ್ನೂ ಮುಚ್ಚಿಡಬಾರದು. ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿಟ್ಟುಕೊಂಡರೆ ಅನುಕೂಲ. ಕ್ರಿಯಾಟಿನಿನ್ ಈಗ ಎಷ್ಟಿದೆ ಎಂಬುದಕ್ಕಿಂತ ಕಳೆದ ವರ್ಷಕ್ಕಿಂತ ಎಷ್ಟು ಏರಿದೆ ಎಂಬುದೇ ಹೆಚ್ಚು ತಿಳಿಸುತ್ತದೆ. ಯಾವ ಔಷಧ ಒಗ್ಗುವುದಿಲ್ಲ ಎಂಬುದನ್ನು ಕೇಳುವ ಮೊದಲೇ ಹೇಳಬೇಕು. ಜ್ವರ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳಿಂದ ದೂರವಿರುವುದು ಕ್ಷೇಮ. ಅವು ರಕ್ತಸ್ರಾವವನ್ನು ಹೆಚ್ಚಿಸಬಹುದು.

ಕೆಲವು ಸಂದರ್ಭಗಳಲ್ಲಿ ಮಾತ್ರ ಯಾವ ವೈದ್ಯರೆಂದು ಆಲೋಚಿಸುತ್ತ ಕೂರಬಾರದು. ಬೆವರಿನೊಂದಿಗೆ ಎದೆ ಬಿಗಿದಂತಾಗಿ ನೋವು ತೋಳಿಗೋ ದವಡೆಗೋ ಹರಿದರೆ, ಮುಖ ಒಂದು ಕಡೆಗೆ ಸೊಟ್ಟಗಾಗಿ ಮಾತು ತೊದಲಿದರೆ ಕೂಡಲೇ 108ಕ್ಕೆ ಕರೆ ಮಾಡಿ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಉಳಿದಂತೆ, ಕಾರಣ ತಿಳಿಯದ ಆಯಾಸ, ತೂಕ ಇಳಿಕೆ, ವಾರಗಟ್ಟಲೆ ಬಿಡದ ಜ್ವರ ಅಥವಾ ಊತ ಇದ್ದಾಗ ಮೊದಲು ಫಿಜಿಷಿಯನ್ನರನ್ನು ಕಾಣುವುದು ಹಣ, ಸಮಯ ಎರಡನ್ನೂ ಉಳಿಸುತ್ತದೆ. ಜಿಲ್ಲಾ ಆಸ್ಪತ್ರೆಗಳ ವೈದ್ಯಶಾಸ್ತ್ರ ವಿಭಾಗದಲ್ಲಿ ಈ ಸೇವೆ ದೊರೆಯುತ್ತದೆ. ಒಬ್ಬರೇ ವೈದ್ಯರಲ್ಲಿ ವರ್ಷಗಳ ಕಾಲ ತೋರಿಸಿಕೊಳ್ಳುತ್ತ ಬಂದರೆ ರೋಗಿಯ ದೇಹದ ಚರಿತ್ರೆ ಅವರಿಗೆ ಪರಿಚಿತವಾಗಿರುತ್ತದೆ. ರೋಗ ಉಲ್ಬಣಿಸಿದಾಗ ಆ ಪರಿಚಯವೇ ಅರ್ಧ ಚಿಕಿತ್ಸೆ.